ನಡುನಿಮಿಷದ ಬೆಲೆ

ಮೈಸೂರು, ನಜರ್‌ಬಾದ್ ಪರದೆಕಟ್ಟೆಯ ಹಿಂದಿನ ಬೀದಿ
ಮಾಘ 33, ಗುರುವಾರ, ಶಕವರ್ಷ 2113

ಹಿಂದಿನವರಿಗೆ, ಇನ್ನೂ ಹುಟ್ಟದವನೊಬ್ಬನ ನಮಸ್ಕಾರಗಳು.

ತಾರೀಖು ನೋಡಿ ಪತ್ರವನ್ನು ಮಡಿಸಿಡಬೇಡಿ. ಮಾಘಮಾಸಕ್ಕೆ ಮೂವತ್ತಮೂರನೆಯ ದಿನ ಎಲ್ಲಿಂದ ಬಂತು ಎಂದು ನೀವು ಕೇಳುವುದು ನ್ಯಾಯವೇ. ನಮ್ಮಲ್ಲಿ ಪ್ರತಿ ತಿಂಗಳಿಗೂ ಮೂವತ್ತೈದು ದಿನ. ತಿಂಗಳಿಗೆ ಐದು ಶನಿವಾರ ಇರಲೇಬೇಕೆಂದು ಜಾಹೀರಾತುದಾರರ ಸಂಘ ಕೇಳಿಕೊಂಡಿತು, ಸರ್ಕಾರ ಒಪ್ಪಿಕೊಂಡಿತು, ಪಂಚಾಂಗದವರು ತಲೆ ಕೆರೆದುಕೊಂಡು ಸುಮ್ಮನಾದರು. ಹೀಗೆ ಹಿಗ್ಗಿಸಿದ ಮೇಲೆ ವರ್ಷದೊಳಗೆ ಹತ್ತು ತಿಂಗಳಷ್ಟೇ ಹಿಡಿಸಿದವು. ಕೈಬಿಟ್ಟದ್ದು ಆಷಾಢವನ್ನು ಮತ್ತು ಪುಷ್ಯವನ್ನು. ಆ ಎರಡರಲ್ಲಿ ಮದುವೆಯಿಲ್ಲ, ಮದುವೆಯಿಲ್ಲದಿದ್ದರೆ ಸೀರೆಯಿಲ್ಲ, ಸೀರೆಯಿಲ್ಲದಿದ್ದರೆ ಜಾಹೀರಾತಿಲ್ಲ. ಜಾಹೀರಾತಿಲ್ಲದ ತಿಂಗಳು ಇದ್ದರೆಷ್ಟು, ಬಿಟ್ಟರೆಷ್ಟು. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಮೂಟೆ ಕಟ್ಟಿ ಇಟ್ಟಿದ್ದಾರೆ. ಅವಕ್ಕೆ ಹೆಸರಿಲ್ಲ, ಸಂಬಳವೂ ಇಲ್ಲ.

ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮ ಪಠ್ಯಪುಸ್ತಕಗಳಿಂದಲೂ ಮದುವೆ ಕಾಗದಗಳಿಂದಲೂ ವಿದ್ಯುತ್ ವ್ಯತ್ಯಯದ ಪ್ರಕಟಣೆಗಳಿಂದಲೂ ಕಲಿತವನು. ಎಲ್ಲಾದರೂ ಒಂದು ಕಡೆ 'ಸಾರ್ವಜನಿಕರು ಸಹಕರಿಸಬೇಕು' ಎಂದು ಬರೆದುಬಿಟ್ಟರೆ ಅದು ಕಲಿತ ಪಾಠದ ದೋಷ. ಪ್ರಾಸ ಹೆಚ್ಚಾದರೆ ಅದು ಕಸುಬಿನ ದೋಷ. ಪತ್ರ ನಿಮಗೆ ತಲುಪುತ್ತಿರುವುದು ಹಿಂದಂಚೆಯಲ್ಲಿ. ಮುಂದಕ್ಕೆ ಹೋಗುವ ಅಂಚೆ ನಿಮಗೆ ಗೊತ್ತೇ ಇದೆ. ಇದು ಹಿಂದಕ್ಕೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ, ತಡವಾಗುವುದು ಮಾತ್ರ ಎರಡರಲ್ಲೂ ಒಂದೇ. ಕ್ರಿಕೆಟ್ಟಿನ ಫಲಿತಾಂಶವನ್ನೂ ಚಿನ್ನದ ದರವನ್ನೂ ಬರೆಯುವಂತಿಲ್ಲ. ಕೌಂಟರಿನಲ್ಲಿ ಕೂತ ಹೆಂಗಸು ಪ್ರತಿ ಪತ್ರವನ್ನೂ ಬೆಳಕಿಗೆ ಹಿಡಿದು ಓದುತ್ತಾಳೆ. "ಪ್ರಾಸ ಜಾಸ್ತಿ ಇದೆಯಲ್ಲ ಸಾರ್, ಏನಾದ್ರೂ ಸಂಕೇತನಾ?" ಎಂದು ಹೋದ ಸಲ ಕೇಳಿದ್ದಳು. ಅಲ್ಲಮ್ಮ, ಸಂಕಟ ಎಂದಿದ್ದೆ.

ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಹೊನ್ನಾಂಬೆ ಬಾಕ್ಸಿಂಗ್ ಆಡುವವಳು. ನಾಡಿದ್ದು ಶನಿವಾರ ಅವಳು ಮತ್ತೆ ಕಣಕ್ಕಿಳಿಯಬೇಕೋ ಬೇಡವೋ ಎಂಬುದು ನಾಳೆ ತೀರ್ಮಾನವಾಗುತ್ತದೆ. ಇಳಿದರೆ ಅವಳ ಎಡಗಣ್ಣು ಹೋಗುತ್ತದೆ. ಇದನ್ನು ಡಾಕ್ಟರು ಹೇಳಿದ್ದಾರೆ, ಪ್ರಾಸವಿಲ್ಲದೆ ಹೇಳಿದ್ದಾರೆ. ತೀರ್ಮಾನ ನಿಂತಿರುವುದು ಒಂದೇ ಒಂದು ಕನ್ನಡ ಪದದ ಮೇಲೆ. ಆ ಪದವನ್ನು ಕೈಬಿಟ್ಟವರು ನೀವು. ಅದಕ್ಕೇ ಈ ಪತ್ರ ನಿಮಗೆ.

ನಮ್ಮ ಕಾಲದ ವ್ಯವಸ್ಥೆಯನ್ನು ಸ್ವಲ್ಪ ಹೇಳದಿದ್ದರೆ ಆ ಪದದ ತೂಕ ನಿಮಗೆ ತಿಳಿಯದು. ನಿಮ್ಮಲ್ಲಿ ಒಬ್ಬೊಬ್ಬರ ಅಂಗೈಯಲ್ಲೂ ಒಂದೊಂದು ಪರದೆ ಇತ್ತಂತೆ. ಮನೆಯಲ್ಲಿ ನಾಲ್ಕು ಜನರಿದ್ದರೆ ನಾಲ್ಕು ಲೋಕಗಳಿದ್ದವಂತೆ. ಅವನ್ನು ಮಾಡುವ ಲೋಹ ಮುಗಿಯಿತು. ಈಗ ಬಡಾವಣೆಗೊಂದೇ ಪರದೆ. ನೀವು ಅರಳಿಮರಕ್ಕೆ ಕಟ್ಟುತ್ತಿದ್ದಂಥ ಕಟ್ಟೆಯನ್ನೇ ಕಟ್ಟಿ ಅದರ ಮೇಲೆ ನಿಲ್ಲಿಸಿದ್ದಾರೆ, ಹೆಸರು ಪರದೆಕಟ್ಟೆ. ರಾಜ್ಯಕ್ಕೆಲ್ಲ ಸೇರಿ ಒಂದೇ ವಾಹಿನಿ, 'ಊರೊಟ್ಟು'. ಎಲ್ಲವೂ ಬಿಸಿಲಿನಿಂದ ನಡೆಯುವುದರಿಂದ ಸೂರ್ಯ ಇಳಿದರೆ ಪರದೆಯೂ ಇಳಿಯಿತು. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಜನ ಚಾಪೆ ಹಿಡಿದು ಬರುತ್ತಾರೆ. ನಮ್ಮ ಬೀದಿಯ ಸಾಕಮ್ಮನವರು ನೆನೆಹಾಕಿದ ಅವರೆಕಾಳಿನ ಪಾತ್ರೆಯೊಂದಿಗೆ ಬಂದು ಮುಂದಿನ ಸಾಲಿನಲ್ಲಿ ಕೂತು ಹಿತಕುತ್ತಾರೆ. ಪರದೆಯಲ್ಲಿ ಗುದ್ದು ಬಿದ್ದಾಗಲೆಲ್ಲ ಒಂದು ಕಾಳು ಹಾರಿ ಹಿಂದಿನ ಸಾಲಿನವರ ತಲೆಗೆ ಬೀಳುತ್ತದೆ. ಕಟ್ಟೆಯ ನೆತ್ತಿಯಲ್ಲಿ ಒಂದು ಗಾಜಿನ ಗೋಲಿ ಇದೆ. ಅದು ಕಣ್ಣೆಣಿಕೆ: ಎಷ್ಟು ಕಣ್ಣು ಪರದೆಯತ್ತ ತಿರುಗಿವೆ ಎಂದು ಎಣಿಸುವ ಯಂತ್ರ. ಕಣ್ಣು ಹೆಚ್ಚಿದಷ್ಟೂ ಜಾಹೀರಾತಿನ ದರ ಹೆಚ್ಚು. ಒಕ್ಕಣ್ಣಿನವರನ್ನು ಅದು ಅರ್ಧ ಪ್ರೇಕ್ಷಕರೆಂದು ಲೆಕ್ಕ ಹಾಕುತ್ತದೆ. ಈ ಮಾತು ಮೊದಲು ನನಗೆ ನಗು ತರಿಸುತ್ತಿತ್ತು.

ಪಂದ್ಯ ತೋರಿಸಲು ವಾಹಿನಿಯವರು ದುಡ್ಡು ಕೊಡುತ್ತಾರೆ ಎಂದು ನೀವು ತಿಳಿದಿದ್ದರೆ ಅದು ತಲೆಕೆಳಗು. ಕೊಡುವವನು ಪಂದ್ಯದ ಗುತ್ತಿಗೆದಾರ. ಕಲ್ಯಾಣಮಂಟಪ ಹಿಡಿದ ಹಾಗೆ ಶನಿವಾರದ ಮಧ್ಯಾಹ್ನವನ್ನು ಅವನು ವಾಹಿನಿಯಿಂದ ಬಾಡಿಗೆಗೆ ಹಿಡಿಯುತ್ತಾನೆ. ಮುಹೂರ್ತ ಬೇಗ ಮುಗಿಯಿತೆಂದು ಬಾಡಿಗೆ ವಾಪಸು ಕೊಡುವ ಮಂಟಪ ನಿಮ್ಮ ಕಾಲದಲ್ಲೂ ಇರಲಿಲ್ಲವೆಂದು ಓದಿದ್ದೇನೆ. ಹಾಕಿದ ದುಡ್ಡನ್ನು ಅವನು ಜಾಹೀರಾತಿನಿಂದ ಎತ್ತಬೇಕು. ಸುತ್ತು ನಡೆಯುವಾಗ ಜಾಹೀರಾತು ಹಾಕಿದರೆ ಜನ ಪರದೆಗೆ ಚಪ್ಪಲಿ ಎಸೆಯುತ್ತಾರೆ. ಹಾಗಾಗಿ ಮಾರಾಟಕ್ಕಿರುವುದು ಒಂದೇ ಒಂದು ಸರಕು: ಎರಡು ಸುತ್ತುಗಳ ನಡುವೆ ಬಾಕ್ಸರುಗಳು ಮೂಲೆಯ ಸ್ಟೂಲಿನ ಮೇಲೆ ಕೂತು ಉಸಿರೆಳೆದುಕೊಳ್ಳುವ ನಿಮಿಷ. ನಾವದನ್ನು ನಡುನಿಮಿಷ ಎನ್ನುತ್ತೇವೆ. ಜನ ಬರುವುದು ಗುದ್ದಿಗೆ; ದುಡ್ಡು ಹುಟ್ಟುವುದು ಗುದ್ದಿಲ್ಲದ ಸದ್ದಿಲ್ಲದ ಆ ನಿಮಿಷದಲ್ಲಿ.

ಆ ನಿಮಿಷಕ್ಕೆ ಪ್ರಾಸ ಹೊಸೆಯುವುದು ನನ್ನ ನೌಕರಿ. ಹುದ್ದೆಯ ಹೆಸರು ಪ್ರಾಸಗಾರ, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವರಿಗೆ ಮೀಸಲು. ಅಂದರೆ ನಮ್ಮ ಮನೆಯಲ್ಲಿ ಹೆಂಡತಿ ಸುತ್ತಿನೊಳಗೆ ದುಡಿಯುತ್ತಾಳೆ, ಗಂಡ ಸುತ್ತಿನ ನಡುವೆ ದುಡಿಯುತ್ತಾನೆ. ಅವಳು ಕೂತ ತಕ್ಷಣ ನನ್ನ ಪದ್ಯ ಏಳುತ್ತದೆ. "ಅಲ್ರೀ, ಹಲ್ಲು ಉದುರೋದು ನಂದು, ಪ್ರಾಸ ಉದುರೋದು ನಿಮ್ದು" ಎಂದು ಹೊನ್ನಾಂಬೆ ಒಮ್ಮೆ ಹೇಳಿದಳು. "ಜನ ಮಾತ್ರ ಕಟ್ಟೆ ಹತ್ರ ನಿಮ್ಗೇ ಕೈ ಮುಗೀತಾರೆ." ಆ ಮಾತಿನಿಂದಲೇ ನಾನು ಒಂದು ಬಿಸ್ಕತ್ತಿನ ಜಾಹೀರಾತು ಮಾಡಿಕೊಂಡೆ. ಅದು ಮುಂದೆ ಬರುತ್ತದೆ.

ನಡುನಿಮಿಷ ಮೊದಲು ನಿಜವಾಗಿಯೂ ಒಂದೇ ನಿಮಿಷವಿತ್ತು. ಕಣ್ಣೆಣಿಕೆ ಏರಿದ ಹಾಗೆ ಕೊಳ್ಳುವವರು ಹೆಚ್ಚಿದರು, ಸರಕು ಸಾಲದಾಯಿತು. ಮೊದಲು ಎರಡು ಮಾಡಿದರು, ಆಮೇಲೆ ನಾಲ್ಕು. ಈಗ ಏಳು ನಿಮಿಷ. ಹೆಸರು ಮಾತ್ರ ನಡುನಿಮಿಷವೇ. ಪ್ರತಿ ಸಲವೂ ಇದು ಆಟಗಾರರ ಹಿತಕ್ಕಾಗಿ, ಅವರ ವಿಶ್ರಾಂತಿಗಾಗಿ ಎಂದರು. ವಿಶ್ರಾಂತಿಯನ್ನು ಯಾರು ಬೇಡವೆನ್ನುತ್ತಾರೆ? ಬೇಡವೆಂದವರು ಹೊನ್ನಾಂಬೆಯ ಗುರು ಬುಡನ್ ವಸ್ತಾದರು ಒಬ್ಬರೇ. ಗರಡಿಯ ಕೆಂಪುಮಣ್ಣಿನಲ್ಲಿ ಹುಟ್ಟಿ ಬೆಳೆದ ಮನುಷ್ಯ. "ಅರೆ, ದಣಿವು ಅಂದ್ರೆ ದೇವ್ರು ಇಟ್ಟಿರೋ ರೆಫರಿ ಕಣಯ್ಯಾ" ಎಂದರು ನನಗೆ. "ದಣಿದ್ ಕಾಲು ತಾನಾಗೇ ಬಗ್ಗುತ್ತೆ, ತಲೆ ಉಳ್ಕೊಳುತ್ತೆ. ಆ ರೆಫರೀನೇ ಹೊರಗ್ ಹಾಕ್ಬಿಟ್ರಲ್ಲೋ ನೀವು!" ಅವರು ಹೇಳಿದ್ದೇ ಆಯಿತು. ಏಳು ನಿಮಿಷದಲ್ಲಿ ಎಳನೀರು ಕುಡಿಸಿ, ಮಂಜುಗಡ್ಡೆ ಒತ್ತಿ, ಕಾಲು ತಿಕ್ಕಿ ಎಬ್ಬಿಸಿದರೆ ಬಾಕ್ಸರಿನ ಕಾಲು ಹೊಸದಾಗುತ್ತದೆ, ತಲೆ ಹಳೆಯದೇ ಇರುತ್ತದೆ. ನಿಮ್ಮವರು ದಣಿದು ಬೀಳುತ್ತಿದ್ದರು. ನಮ್ಮವರು ತಣಿದು ಏಳುತ್ತಾರೆ, ಎದ್ದು ಮತ್ತೆ ಗುದ್ದು ತಿನ್ನುತ್ತಾರೆ. ಪಂದ್ಯ ಬೇಗ ಮುಗಿಯುವುದಿಲ್ಲ, ಕೊಂಡವರ ನಿಮಿಷಗಳು ಹಾಳಾಗುವುದಿಲ್ಲ. ಯಾರೂ ಯಾರಿಗೂ ಕೆಡುಕು ಬಯಸದೆ ಇಷ್ಟು ಕೆಡುಕು ಮಾಡಬಹುದೆಂದು ನಾನು ಬಿ.ಎ.ಯಲ್ಲಿ ಓದಿರಲಿಲ್ಲ.

ಇದರಿಂದ ಇನ್ನೊಂದು ವಿಚಿತ್ರವಾಯಿತು. ಬಲವಾದ ಕೈಯವರಿಗೆ ಕೆಲಸ ಸಿಗದಾಯಿತು. ನಮ್ಮ ಮೈಸೂರಿನ ಅರಮನೆಯಲ್ಲಿ ದಸರೆಗೆ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇತ್ತಲ್ಲ, ನೆತ್ತಿಯಲ್ಲಿ ಒಂದು ಹನಿ ರಕ್ತ ಕಂಡರೆ ಮುಗಿಯಿತು. ಸೋಪಿನ ಜಾಹೀರಾತಿನವನು ಬಾಯಿ ತೆರೆಯುವಷ್ಟರಲ್ಲಿ ಜಟ್ಟಿಗಳು ಮನೆಗೆ ಹೋಗಿರುತ್ತಿದ್ದರು. ಅಂಥ ಆಟಕ್ಕೆ ಪರದೆಯಲ್ಲಿ ಜಾಗವಿಲ್ಲ. ಹೊನ್ನಾಂಬೆಯ ಬಲಗೈ ಹರೆಯದಲ್ಲಿ ಒರಳುಕಲ್ಲು. ಅದಕ್ಕೇ ಅವಳಿಗೆ ವರ್ಷಗಟ್ಟಲೆ ಪಂದ್ಯವಿರಲಿಲ್ಲ. ಗುತ್ತಿಗೆದಾರ ಕಾಂತರಾಜು ಮನೆಗೇ ಬಂದು ಬೇಡಿಕೊಂಡಿದ್ದ. "ಮೇಡಂ, ನೀವು ಎರಡ್ನೇ ಸುತ್ತಲ್ಲೇ ಮಲಗಿಸ್ಬಿಟ್ರೆ ನಿಮಿಷ ಕೊಂಡಿರೋ ತಲೆಗೆಣ್ಣೆಯೋರಿಗೆ ನಾನೇನ್ ಹೇಳ್ಲಿ? ಸ್ವಲ್ಪ ಮೆತ್ತಗ್ ಹೊಡೀರಿ. ಎಲ್ರೂ ಬದುಕ್ಬೇಕಲ್ವಾ?"

"ಎದುರಿನೋಳು ಬದುಕ್ಲಿ ಅಂತಾನೇ ಬೇಗ ಮಲಗ್ಸೋದು" ಎಂದಿದ್ದಳು ಇವಳು.

ಈಗ ಅವಳಿಗೆ ವಯಸ್ಸು ನಲವತ್ತರ ಹತ್ತಿರ. ಕೈ ಮೆತ್ತಗಾಗಿದೆ. ಹಾಗಾಗಿ ಬೇಡಿಕೆ ಹೆಚ್ಚಾಗಿದೆ.

ಈಗ ಆ ಪದ. ಕರಾರುಗಳೆಲ್ಲ ಕನ್ನಡದಲ್ಲೇ ಇರಬೇಕೆಂಬ ಕಾನೂನು ನಮ್ಮಲ್ಲಿದೆ. ಇದಕ್ಕಾಗಿ ಹೋರಾಡಿದವರು ಯಾರೋ ನಿಮ್ಮಲ್ಲೇ ಇದ್ದಿರಬೇಕು, ಅವರಿಗೆ ನನ್ನ ವಂದನೆ. ಬರೆಯುವುದು ಮಾತ್ರ ಯಂತ್ರ. ಬಾಕ್ಸರುಗಳ ಕರಾರಿನಲ್ಲಿ ಒಂದು ಸಾಲಿದೆ: 'ಗಂಟೆಯಾಗುವ ಮುನ್ನ ಮೂಲೆಯವರು ಬಟ್ಟೆ ಎಸೆಯುವಂತಿಲ್ಲ.' ಮೂಲೆಯವರು ಎಂದರೆ ಬಾಕ್ಸರಿನ ಗುರು ಮತ್ತು ಸಹಾಯಕರು. ಬಟ್ಟೆ ಎಸೆಯುವುದೆಂದರೆ, ನಮ್ಮವಳಿಗೆ ಸಾಕು, ಪಂದ್ಯ ನಿಲ್ಲಿಸಿ ಎಂದು ಟವೆಲನ್ನು ಕಣದೊಳಕ್ಕೆ ಹಾಕುವುದು. ಗುದ್ದಾಟದ ನಡುವೆ ಹಾಕಿ ಗೊಂದಲ ಮಾಡಬೇಡಿ, ಸುತ್ತು ಮುಗಿದ ಗಂಟೆ ಹೊಡೆಯುವವರೆಗೆ ತಡೆಯಿರಿ ಎಂಬುದು ಆ ಸಾಲಿನ ಅರ್ಥವೆಂದು ಎಲ್ಲರೂ ತಿಳಿದಿದ್ದರು. ಹೋದ ಶನಿವಾರದವರೆಗೆ ಕಾಂತರಾಜುವೂ ಹಾಗೇ ತಿಳಿದಿದ್ದ.

ಹೋದ ಶನಿವಾರ ದೊಡ್ಡಕೆರೆ ಮೈದಾನದಲ್ಲಿ ಹೊನ್ನಾಂಬೆಗೂ ಚಿಂತಾಮಣಿಯ ವಾಸವಿ ಎಂಬ ಹುಡುಗಿಗೂ ಪಂದ್ಯ. ಒಳ್ಳೆಯ ಹುಡುಗಿ, ಕಣಕ್ಕಿಳಿಯುವ ಮುಂಚೆ ಇವಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಆಮೇಲೆ ಅದೇ ಭಕ್ತಿಯಿಂದ ಹೊಡೆದಳು. ಮೂರನೆಯ ಸುತ್ತಿನಲ್ಲಿ ಎಡಗಣ್ಣಿಗೆ ಎರಡು ಸಲ ಬಿತ್ತು. ಕಣ್ಣಿನ ಮೇಲೆ ನೇರಳೆಹಣ್ಣಿನಂತೆ ಊತ ಬಂದದ್ದು ನನಗೆ ಪ್ರಾಸಗಾರರ ಗಾಜಿನ ಕೋಣೆಯಿಂದಲೇ ಕಾಣಿಸಿತು. ವಾಸವಿ ಕೈ ಇಳಿಸಿ ಏನೋ ಕೇಳಿದಳು. "ಅಕ್ಕಾ, ಎಡಗಡೆ ಹೊಡೀಲಾ ಬೇಡ್ವಾ?" ಎಂದು ಕೇಳಿದಳೆಂದು ಹೊನ್ನಾಂಬೆ ಆಮೇಲೆ ಹೇಳಿದಳು. "ಕೇಳ್ಕೊಂಡು ಹೊಡಿಯೋಕೆ ಇದೇನು ಬಡಿಸೋ ಪಂಕ್ತಿನಾ?" ಎಂದು ಇವಳೇ ಗದರಿದಳಂತೆ.

ಸುತ್ತು ಮುಗಿದ ಗಂಟೆ ಹೊಡೆಯಿತು. ಸ್ಟೂಲಿನ ಮೇಲೆ ಕೂತವಳ ಕಣ್ಣಿನ ಮುಂದೆ ಬುಡನ್ ವಸ್ತಾದರು ಬೆರಳು ಆಡಿಸಿದರು. "ಪರದೆ ಎಳ್ದಂಗಿದೆ ಚಾಚಾ, ಕೆಳಗಿಂದ" ಎಂದಳು. ಅವರು ಹೆಗಲ ಮೇಲಿನ ಟವೆಲ್ ತೆಗೆದರು. ಅಷ್ಟರಲ್ಲಿ ಕಾಂತರಾಜು ಕಣದ ಅಂಚಿಗೆ ಓಡಿ ಬಂದ.

"ವಸ್ತಾದ್ರೇ, ಹಾಕ್ಬೇಡಿ. ಗಂಟೆ ಆಗಿಲ್ಲ."

"ಈಗ್ತಾನೇ ಆಯ್ತಲ್ಲಪ್ಪಾ! ಕಿವಿ ಎಲ್ಲಿಟ್ಟಿದ್ದೆ?"

"ಅದು ಬೆಲ್ಲು ಸಾರ್. ಕರಾರಲ್ಲಿರೋದು ಗಂಟೆ." ಮಣಿಕಟ್ಟನ್ನು ತಟ್ಟಿ ತೋರಿಸಿದ. "ಅರವತ್ತು ನಿಮಿಷ. ಅರ್ಧಾನೂ ಆಗಿಲ್ಲ ಇನ್ನೂ."

ಆ ಮಾತು ಅವನ ಬಾಯಿಗೆ ಆ ಕ್ಷಣದಲ್ಲಿ ಹೇಗೆ ಬಂತೋ ನನಗೆ ತಿಳಿಯದು. ಮುಳುಗುವವನ ಕೈಗೆ ಹುಲ್ಲುಕಡ್ಡಿ ಸಿಕ್ಕಂತೆ ಸಿಕ್ಕಿರಬೇಕು. ಉಳಿದ ನಡುನಿಮಿಷಗಳೆಲ್ಲ ಮಾರಿಹೋಗಿದ್ದವು. ಪಂದ್ಯ ನಿಂತರೆ ಅಷ್ಟರ ದುಡ್ಡನ್ನೂ ಅವನು ಕೊಂಡವರಿಗೆ ಹಿಂದಕ್ಕೆ ಕಟ್ಟಿಕೊಡಬೇಕು. ರೆಫರಿ ಕರಾರಿನ ಪ್ರತಿ ತರಿಸಿದ. ಓದಿದ. ತಲೆ ಕೆರೆದುಕೊಂಡ. ಅದರಲ್ಲಿದ್ದದ್ದು ಗಂಟೆಯೇ. ಇಷ್ಟು ಹೊತ್ತೂ ಮೈದಾನದ ಧ್ವನಿವರ್ಧಕಗಳಲ್ಲಿ, ರಾಜ್ಯದ ಎಲ್ಲ ಪರದೆಕಟ್ಟೆಗಳಲ್ಲಿ ನನ್ನ ಪದ್ಯ ಮೊಳಗುತ್ತಿತ್ತು:

ಹಲ್ಲು ಉದುರಿದರೂ ಸೊಲ್ಲು ಉದುರದು,
ಮೆಲ್ಲಗೆ ಮೆಲ್ಲಿರಿ ಬೆಲ್ಲದ ಬಿಸ್ಕತ್ತು.

ಪ್ರಾಸದಲ್ಲಿ ದೋಷವಿಲ್ಲ. ಅದನ್ನು ಕೇಳುತ್ತ ಅವಳು ಬಕೆಟ್ಟಿಗೆ ಕೆಂಪಗೆ ಉಗುಳಿದಳು.

ಆಮೇಲೆ ಎದ್ದಳು. ಎದ್ದು ಹಗ್ಗದಡಿ ನುಸುಳಿ ಕೆಳಗಿಳಿದಳು. ಕಣದ ಪಕ್ಕದ ಮೇಜಿನ ಹಿಂದೆ ಹೊತ್ತು ನೋಡುವ ಗಿರಿಜಕ್ಕ ಕೂತಿರುತ್ತಾರೆ, ಅವರ ಮುಂದೆ ಮರದ ಚೌಕಟ್ಟಿನಲ್ಲಿ ಕಂಚಿನ ಗಂಟೆ ತೂಗುತ್ತದೆ. ಹೊನ್ನಾಂಬೆ ಅದರ ಮುಂದೆ ನಿಂತು, ಒಂದೇ ಕಣ್ಣಿನಲ್ಲಿ ಅಳತೆ ನೋಡಿ, ಬಲಗೈ ಬೀಸಿದಳು. ಮೆತ್ತಗಾಗಿದೆ ಎಂದೆನಲ್ಲ, ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಗಂಟೆ ಚೌಕಟ್ಟು ಬಿಟ್ಟು ಹಾರಿ, ನೆಲಕ್ಕೆ ಬಿದ್ದು, ಉರುಳುತ್ತ ಉರುಳುತ್ತ ಕಾಂತರಾಜುವಿನ ಕಾಲ ಬಳಿಗೆ ಹೋಗಿ ನಿಂತಿತು.

"ಆಯ್ತೇನ್ರೀ ಗಂಟೆ?" ಎಂದಳು. "ಕೇಳಿಸ್ತಾ, ಇಲ್ಲಾ ಇನ್ನೊಂದ್ ಕೊಡ್ಲಾ?"

ಮೈದಾನ ನಕ್ಕಿತು. ಬುಡನ್ ವಸ್ತಾದರು ಟವೆಲ್ ಎಸೆದರು. ರೆಫರಿ ಕೈ ಎತ್ತಿ ಪಂದ್ಯ ನಿಲ್ಲಿಸಿದ, ಗೆಲುವು ವಾಸವಿಗೆ ಎಂದ. ಆ ಹುಡುಗಿ ಗೆದ್ದದ್ದಕ್ಕೆ ಅತ್ತಳು. ನಮ್ಮ ಕಟ್ಟೆಯಲ್ಲಿ ಸಾಕಮ್ಮನವರು ಅವರೆಕಾಳಿನ ಪಾತ್ರೆಯನ್ನೇ ಎತ್ತಿ ಬಡಿದು "ನಮ್ ಹೊನ್ನಮ್ಮ ಗಂಟೆ ಹೊಡುದ್ಲು ಕಣ್ರೇ!" ಎಂದು ಕುಣಿದರಂತೆ. ಅಲ್ಲಿಗೆ ಮುಗಿಯಬೇಕಿತ್ತು.

ಸೋಮವಾರ ಕಾಂತರಾಜು ಪದನ್ಯಾಯಾಲಯಕ್ಕೆ ಹೋದ. ಕರಾರುಗಳಲ್ಲಿನ ಕನ್ನಡ ಪದಗಳಿಗೆ ಜಗಳ ಬಂದರೆ ಅರ್ಥ ತೀರ್ಮಾನಿಸುವ ಕಚೇರಿ ಅದು. ಗಂಟೆ ಎಂದರೆ ಅರವತ್ತು ನಿಮಿಷ ಎಂದಾದರೆ ಟವೆಲ್ ಎಸೆದದ್ದು ಅಸಿಂಧು, ಪಂದ್ಯ ಮುಗಿದೇ ಇಲ್ಲ. ಉಳಿದ ಸುತ್ತುಗಳನ್ನು ಇದೇ ಶನಿವಾರ ಆಡಿ ತೀರಿಸಬೇಕು. ಇದಕ್ಕೆ ಬಾಕಿಸುತ್ತು ಎಂದು ಹೆಸರು. ನಿರಾಕರಿಸುವಂತಿಲ್ಲ, ಡಾಕ್ಟರ ಚೀಟಿಯೂ ನಡೆಯದು, ನಿರಾಕರಿಸಿದರೆ ಬುಡನ್ ವಸ್ತಾದರ ಗರಡಿಗೆ ಬೀಗ, ಅಲ್ಲಿ ಕಲಿಯುವ ಹೆಣ್ಣುಮಕ್ಕಳೆಲ್ಲ ಬೀದಿಗೆ. ಗುರುವನ್ನು ಬೀದಿಗೆ ಹಾಕಿ ಕಣ್ಣು ಉಳಿಸಿಕೊಳ್ಳುವವಳಲ್ಲ ಹೊನ್ನಾಂಬೆ, ಅದು ಕಾಂತರಾಜುವಿಗೂ ಗೊತ್ತು. ಮಂಗಳವಾರ ನಂಜನಗೂಡಿನ ರಸಬಾಳೆಯ ಚಿಪ್ಪು ಹಿಡಿದು ಮನೆಗೆ ಬಂದ. "ನನ್ ಮೇಲೆ ಕೋಪ ಬೇಡ ಕಣಮ್ಮ. ಎಣ್ಣೆಯೋರು, ಸೋಪಿನೋರು ಎಲ್ಲಾ ಬೆಳಗಾದ್ರೆ ನಮ್ಮನೆ ಜಗಲಿ ಮೇಲೆ ಕೂತಿರ್ತಾರೆ. ನಾಲ್ಕು ಸುತ್ತು ನಿಂತ್ಬಿಡು, ಸಾಕು" ಎಂದ. ಅವಳು ಬಾಳೆಹಣ್ಣು ಸುಲಿದು ಅವನಿಗೇ ಕೊಟ್ಟಳು. ಅವನು ತಿಂದ. ಕೆಟ್ಟವನಲ್ಲ, ಅದೇ ಕಷ್ಟ. ಬಾಕಿಸುತ್ತಿನ ನಡುನಿಮಿಷಗಳು ತೀರ್ಪಿಗೆ ಮುಂಚೆಯೇ ಮಾರಿಹೋಗಿವೆ. ಪದ್ಯ ಬರೆಯಲು ನನ್ನನ್ನೇ ಕೇಳಿದರು, ಆಗದು ಎಂದೆ. ಬೇರೆಯವನು ಸಿಕ್ಕಿದ್ದಾನೆ. ಬೆಣ್ಣೆ ಕಂಪನಿಗೆ 'ಒಂದು ಕಣ್ಣಿಗೆ ಸುಣ್ಣವೇ? ಇನ್ನೊಂದಕ್ಕೆ ನಮ್ಮ ಬೆಣ್ಣೆಯೇ!' ಎಂದು ಬರೆದುಕೊಟ್ಟಿದ್ದಾನೆ. ಒಳ್ಳೆಯ ಪ್ರಾಸ. ನನಗೇ ಹೊಳೆಯಬಹುದಾಗಿತ್ತು ಎಂಬುದನ್ನು ನೆನೆದಾಗ ಮೈ ಬೆವರುತ್ತದೆ.

ಪದನ್ಯಾಯಾಲಯದ ವಿಧಾನ ಹೀಗೆ. ನಿಮ್ಮ ಕಾಲವನ್ನು ನಾವು ಕೈಬರಹದ ಕಡೆಗಾಲ ಎನ್ನುತ್ತೇವೆ. ನಿಮ್ಮ ನಂತರ ಬರೆದದ್ದೆಲ್ಲ ಬಹುಪಾಲು ಯಂತ್ರ ಬರೆದದ್ದು, ಅದಕ್ಕೆ ಸಾಕ್ಷಿಯ ಬೆಲೆಯಿಲ್ಲ. ಹಾಗಾಗಿ ಒಂದು ಪದಕ್ಕೆ ಏನರ್ಥ ಎಂಬುದನ್ನು ನಿಮ್ಮ ಕೈಗಳು ಕಾಗದದ ಮೇಲೆ ಏನು ಬರೆದವು ಎಂಬುದರಿಂದ ನಿರ್ಧರಿಸುತ್ತಾರೆ. ಯಾವ ಅರ್ಥದ ಕಾಗದ ಹೆಚ್ಚು ಉಳಿದಿದೆಯೋ ಅದೇ ಅರ್ಥ. ಈ ವಾರವೆಲ್ಲ ನಾನು ಹಳೆಗಾಗದದ ಭಂಡಾರದಲ್ಲಿ ನಿಮ್ಮ ಧೂಳು ಕುಡಿದಿದ್ದೇನೆ. ನಿಮ್ಮ ನಾಮಕರಣದ ಕರೆ, ಸಂಘದ ಸಭೆಯ ಸೂಚನೆ, ನೀರು ಬಿಡುವ ಹೊತ್ತು, ಡಾಕ್ಟರು ಸಿಗುವ ಸಮಯ, ಎಲ್ಲದರಲ್ಲೂ ಆ ಪದವಿದೆ, ಎಲ್ಲದರಲ್ಲೂ ಕಾಂತರಾಜುವಿನ ಅರ್ಥದಲ್ಲೇ ಇದೆ. ಹೇಳಿದ ಹೊತ್ತಿಗೆ ಯಾವುದನ್ನೂ ಶುರು ಮಾಡದ ನೀವು ಹೊತ್ತನ್ನು ಮಾತ್ರ ಇಷ್ಟು ಶ್ರದ್ಧೆಯಿಂದ ಬರೆದಿಟ್ಟಿದ್ದೀರಿ.

ಬಾರಿಸುವ ಗಂಟೆಗೆ ನೀವು ಏನೆಂದಿರಿ? ಬೆಲ್ ಎಂದಿರಿ. ಶಾಲೆಯದು ಬೆಲ್, ಸೈಕಲ್ಲಿನದು ಬೆಲ್, ಬಾಗಿಲಿನದು ಕಾಲಿಂಗ್ ಬೆಲ್. ಐದನೆಯ ತರಗತಿಯ ಒಬ್ಬ ಹುಡುಗಿಯ ಪ್ರಬಂಧ ಸಿಕ್ಕಿತು. ದುಂಡಗಿನ ಅಕ್ಷರ, ಕನ್ನಡ ಶಾಲೆ. ಆಸೆಯಿಂದ ಓದಿದೆ. 'ಬೆಲ್ ಹೊಡೆದ ಕೂಡಲೇ ನಾವೆಲ್ಲರೂ ಕುಣಿಯುತ್ತಾ ಮನೆಗೆ ಓಡಿದೆವು.' ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಬರೆದಿದ್ದಾರೆ. ದೇವಸ್ಥಾನದ ಕಾಗದಗಳಾದರೂ ಕೈಹಿಡಿಯುತ್ತವೆ ಎಂದುಕೊಂಡೆ. ಕಾಂತರಾಜುವಿನ ವಕೀಲರು ಚುರುಕು. ಅಲ್ಲಿರುವುದು ಮಹಾಪ್ರಾಣದ ಘಂಟೆ, ಕರಾರಿನಲ್ಲಿರುವುದು ಅಲ್ಪಪ್ರಾಣದ ಗಂಟೆ, ಎರಡೂ ಬೇರೆ ಪದ ಎಂದುಬಿಟ್ಟರು. ಒಂದು ಅಕ್ಷರದ ಹೊಟ್ಟೆ ಸೀಳಿದ್ದಕ್ಕೆ ದೇವರು ಎದುರು ಪಕ್ಷಕ್ಕೆ ಹೋದ.

ನೀವು ಗಮನಿಸಿರಬಹುದು, ಈ ಪತ್ರದಲ್ಲಿ ನನ್ನ ಮಾತಾಗಿ ಎಲ್ಲೂ ಆ ಪದವನ್ನು ಹೊತ್ತಿನ ಅರ್ಥದಲ್ಲಿ ಬಳಸಿಲ್ಲ. ನಾಳೆ ವಿಚಾರಣೆ ಬೆಳಿಗ್ಗೆ ಹತ್ತಕ್ಕೆ; ಬರೀ ಹತ್ತಕ್ಕೆ. ಪತ್ರ ನಿಮ್ಮ ಕಾಲಕ್ಕೆ ಬಂದ ಮೇಲೆ ಇದೂ ಒಂದು ಕಾಗದವೇ ತಾನೆ. ಆದರೆ ಇದು ಸಾಕ್ಷಿಗೆ ನಿಲ್ಲದು. ಬರೆದವನು ಗಂಡ ಎನ್ನುತ್ತಾರೆ, ಸರಿಯಾಗಿಯೇ ಎನ್ನುತ್ತಾರೆ. ಬೇಕಾಗಿರುವುದು ಹೊನ್ನಾಂಬೆ ಯಾರೆಂದು ತಿಳಿಯದವರ ಕೈಬರಹ.

ಈ ವಾರ ನಮ್ಮ ಮನೆಯಲ್ಲಿ ಯಾರೂ ಕೂತದ್ದಿಲ್ಲ. ನಾನು ಹಜಾರದಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತೇನೆ, ಅವಳು ಹಿತ್ತಿಲಲ್ಲಿ. ನಡುವೆ ಎದುರಾದರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಪರಿಚಯಸ್ಥರಂತೆ ತಲೆಯಾಡಿಸುತ್ತೇವೆ. ಪುಸ್ತಕ ತೆಗೆದರೆ ಎರಡನೆಯ ಸಾಲಿಗೆ ಮನಸ್ಸು ಹೋಗದು. ಇವತ್ತು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವಳು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಕಾಫಿಯನ್ನು ಲೋಟಕ್ಕೆ ಸುರಿಯುತ್ತಿದ್ದಳು. ಕಾಫಿ ಲೋಟದ ಪಕ್ಕಕ್ಕೆ ಬಿತ್ತು. ಒರೆಸಿದಳು. ಮತ್ತೆ ಸುರಿದಳು. ಮತ್ತೆ ಪಕ್ಕಕ್ಕೆ. ಮೂರನೆಯ ಸಲ ಲೋಟದ ಬಾಯಿಗೆ ಬೆರಳಿಟ್ಟು, ಬೆರಳನ್ನೇ ಗುರಿ ಮಾಡಿಕೊಂಡು ಸುರಿದಳು. ಬಿಸಿ ತಗುಲಿ ಬೆರಳು ಎಳೆದುಕೊಂಡಾಗ ನನ್ನನ್ನು ಕಂಡಳು.

"ಏನ್ ನೋಡ್ತಿದ್ದೀರಿ? ಕಾಫಿ ಬೇಕಾ?"

ಬೇಕು ಎಂದೆ.

"ಬೆಳಗಿಂದ ಬರೀತಾನೇ ಇದ್ದೀರಲ್ಲ, ಯಾರ್ಗೆ?"

"ಹಳಬರಿಗೆ."

"ಓದ್ತಾರಾ?"

"ಗೊತ್ತಿಲ್ಲ."

"ಓದಿದ್ರೂ ಬೆಲ್ ಅಂತಾನೇ ಅಂತಾರೆ ಬಿಡಿ" ಎಂದು ಲೋಟವನ್ನು ನನ್ನ ಕೈಗಿಟ್ಟಳು.

ಆದ್ದರಿಂದ ಕೇಳಿಕೊಳ್ಳುತ್ತಿದ್ದೇನೆ. ಪೆನ್ನು ತೆಗೆದುಕೊಳ್ಳಿ. ಟೈಪ್ ಮಾಡಬೇಡಿ, ಅದು ಲೆಕ್ಕಕ್ಕಿಲ್ಲ. ಕೈಯಲ್ಲೇ ಬರೆಯಿರಿ. ಶಾಲೆ ಬಿಡುವ ಗಂಟೆ ಹೊಡೆಯಿತು ಎಂದು ಬರೆಯಿರಿ. ಐಸ್‌ಕ್ರೀಮಿನವನ ಗಂಟೆ ಕೇಳಿ ಮಗು ಎದ್ದಿತು ಎಂದು ಬರೆಯಿರಿ. ಬಾಗಿಲ ಗಂಟೆ ಕೆಟ್ಟಿದೆ, ದಯವಿಟ್ಟು ಬಡಿಯಿರಿ ಎಂದು ಬರೆದು ಬಾಗಿಲಿಗೇ ಅಂಟಿಸಿ, ಕೆಡದಿದ್ದರೂ ಅಂಟಿಸಿ. ಅಲ್ಪಪ್ರಾಣದಲ್ಲಿ ಬರೆಯಿರಿ, ಹೊಟ್ಟೆ ಸೀಳಬೇಡಿ. ಬರೆದದ್ದನ್ನು ಎಸೆಯಬೇಡಿ. ಟ್ರಂಕಿನ ತಳಕ್ಕೆ ಹಾಸಿ, ದೇವರಪಟದ ಹಿಂದೆ ಸಿಕ್ಕಿಸಿ, ಯಾರೂ ತೆರೆಯದ ಪುಸ್ತಕದೊಳಗಿಡಿ; ಅಂಥವು ನಿಮ್ಮ ಮನೆಗಳಲ್ಲಿ ಸಾಕಷ್ಟಿವೆ ಎಂದು ಭಂಡಾರ ನೋಡಿದ ನಾನು ಬಲ್ಲೆ. ನಿಮಗೆ ನೂರಾ ಅರವತ್ತು ಚಿಲ್ಲರೆ ವರ್ಷಗಳ ಸಮಯವಿದೆ. ನನಗೆ ನಾಳೆ ಬೆಳಗಿನವರೆಗೆ. ನೀವು ಇವತ್ತು ಒಂದು ಸಾಲು ಬರೆದು ಟ್ರಂಕಿಗೆ ಹಾಕಿದರೆ ನಾಳೆ ನ್ಯಾಯಾಲಯದ ಮೇಜಿನ ಮೇಲೆ, ನಮ್ಮ ಪಾಲಿನ ರಾಶಿಗೆ ಒಂದು ಹಳದಿ ಕಾಗದ ಹೆಚ್ಚಾಗುತ್ತದೆ.

ಇನ್ನೊಂದು ಮಾತು, ಕೇಳಿದರೆ ಕೇಳಿ, ಬಿಟ್ಟರೆ ಬಿಡಿ. ನಿಮ್ಮ ಪಂದ್ಯಗಳಲ್ಲಿ ಆ ಬಿಡುವು ಇನ್ನೂ ಒಂದೇ ನಿಮಿಷವಿರಬೇಕು. ಯಾರಾದರೂ ಬಂದು ಆಟಗಾರರ ಮೇಲಿನ ಕರುಣೆಯಿಂದ ಅದನ್ನು ಎರಡು ಮಾಡೋಣ ಎಂದರೆ, ಕರುಣೆಗೆ ಕೈಮುಗಿದು, ಎರಡನೆಯ ನಿಮಿಷವನ್ನು ಯಾರು ಕೊಂಡಿದ್ದಾರೆ ಎಂದು ಕೇಳಿ.

ಹಿಂದಂಚೆಯ ಚೀಲ ಕಟ್ಟುವ ಹೊತ್ತಾಯಿತು, ಹೊರಡಬೇಕು. ಈಗ ಅವಳು ಬಂದು ಪಕ್ಕದಲ್ಲಿ ಕೂತಿದ್ದಾಳೆ. ವಾರದಲ್ಲಿ ಮೊದಲ ಸಲ ಕೂತದ್ದು. ಎರಡೂ ಕೈಗೆ ಪಟ್ಟಿ ಸುತ್ತಿಕೊಂಡಿದ್ದಾಳೆ, ಗರಡಿಗೆ ಹೋಗಿ ಅಭ್ಯಾಸ ಮಾಡಬೇಕಂತೆ. ಬಲಗೈಯದನ್ನು ಹೇಗೋ ಹಲ್ಲಿನಲ್ಲೇ ಕಟ್ಟಿಕೊಂಡಳು. ಎಡಗೈಯದರ ತುದಿ ಅವಳಿಗೆ ಕಾಣುತ್ತಿಲ್ಲ. ತೀರ್ಪು ಬರಲಿ, ನಾಳೆ ಕಟ್ಟಿದರಾಯಿತು ಎಂದೆ.

"ಕಟ್ರೀ. ನಿಮ್ಮ ಹಳಬರನ್ನ ನಂಬ್ಕೊಂಡು ಕೈ ಬಿಚ್ಕೊಂಡು ಕೂರೋಕಾಗಲ್ಲ ನಂಗೆ" ಎಂದು ಕೈ ಚಾಚಿದಳು.

ಕಟ್ಟಿದ್ದೇನೆ. ಸಡಿಲವಾಗಿ ಕಟ್ಟಿದ್ದೇನೆ, ಯಾರಾದರೂ ಎಳೆದರೆ ಬಿಚ್ಚಿಕೊಳ್ಳುವಂತೆ.

ನಿಮ್ಮ ಮುಂದಿನವ,
ಗುರುಪಾದಸ್ವಾಮಿ, ಪ್ರಾಸಗಾರ